ಹಗ್ಗದ ಆ ತುದಿ

ಆಕೆಯದು ಕನ್ನಡಕದ ಅಂಗಡಿ. ಗಾಜು ಉಜ್ಜುವುದು, ಫ್ರೇಮಿಗೆ ಕೂರಿಸುವುದು, ಬಂದವರ ಕಣ್ಣು ಪರೀಕ್ಷಿಸುವುದು ಎಲ್ಲವೂ ಅವಳದೇ. ಹೈಸ್ಕೂಲಿನ ವಿಜ್ಞಾನದ ಮೇಷ್ಟ್ರು ಮೊದಲ ಸಲ ಅಲ್ಲಿಗೆ ಬಂದದ್ದು ಕನ್ನಡಕಕ್ಕಲ್ಲ. ಬಿಸಾಡುವ ಗಾಜಿದ್ದರೆ ಕೊಡಿ, ಮಕ್ಕಳಿಗೆ ಬೆಳಕು ಬಾಗುವುದನ್ನು ತೋರಿಸಬೇಕು ಎಂದು ಕೇಳಿದ್ದರು. "ನೀವು ಬೆಳಕನ್ನೇ ಬಗ್ಗಿಸ್ತೀರಿ, ನನಗೆ ಎಂಟನೇ ಕ್ಲಾಸೇ ಬಗ್ತಾ ಇಲ್ಲ," ಎಂದಿದ್ದರು. ಆಕೆಗೆ ನಗು ತಡೆಯಲಾಗಲಿಲ್ಲ. ಮದುವೆಯಾದ ಮೇಲೂ ಅವಳ ಬಾಯಲ್ಲಿ ಅವರು ಮೇಷ್ಟ್ರಾಗಿಯೇ ಉಳಿದರು.

ಕೆಲವು ವರ್ಷ ಕಳೆದ ಮೇಲೆ ಮೇಷ್ಟ್ರು ಹೊಸ್ತಿಲು ಎಡವತೊಡಗಿದರು. ಪಕ್ಕದಲ್ಲೇ ಇಟ್ಟ ಲೋಟ ಕೈತಾಗಿ ಉರುಳುತ್ತಿತ್ತು. ಕಣ್ಣಿನ ಡಾಕ್ಟರು ಮುಚ್ಚುಮರೆ ಮಾಡಲಿಲ್ಲ. ಮಸೂರ ಬೆಳಕನ್ನು ಎಷ್ಟು ಚೆನ್ನಾಗಿ ಬಾಗಿಸಿ ಒಂದೆಡೆ ಸೇರಿಸಿದರೂ, ಅದು ಬೀಳುವ ಕಣ್ಣೊಳಗಿನ ಪರದೆಯೇ ಸವೆಯುತ್ತಿದ್ದರೆ ಚಿತ್ರ ಮೂಡುವುದಿಲ್ಲ ಎಂದರು. ಮೇಣದಬತ್ತಿಯನ್ನೂ ಮಸೂರವನ್ನೂ ಇಟ್ಟುಕೊಂಡು ವರ್ಷಾವರ್ಷ ಅದನ್ನೇ ಪಾಠ ಮಾಡಿದ್ದ ಮೇಷ್ಟ್ರು ಸುಮ್ಮನೆ ತಲೆಯಾಡಿಸಿದರು.

ಆಕೆಗೂ ಅದು ಗೊತ್ತಿದ್ದದ್ದೇ. ಆದರೆ ಮನಸ್ಸು ಕೇಳಬೇಕಲ್ಲ. ಆಗಾಗ ಅವರನ್ನು ಅಂಗಡಿಯ ಕುರ್ಚಿಯಲ್ಲಿ ಕೂರಿಸಿ, ಕಣ್ಣ ಮುಂದೆ ಒಂದೊಂದೇ ಗಾಜು ಬದಲಿಸುತ್ತ, ಈಗ ಹೇಗಿದೆ, ಈಗ ಹೇಗಿದೆ ಎನ್ನುತ್ತಿದ್ದಳು. ಮೇಷ್ಟ್ರು ಎದುರಿನ ಅಕ್ಷರದ ಪಟವನ್ನು ಕೊನೆಯ ಸಾಲಿನವರೆಗೂ ಓದಿ ಮುಗಿಸುತ್ತಿದ್ದರು. ಅವತ್ತೆಲ್ಲ ಆಕೆಯ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ. ಡಾಕ್ಟರು ಹೇಳಿದ್ದೆಲ್ಲ ವೇದವಾಕ್ಯವೇನಲ್ಲ ಎಂದು ತಂಗಿಗೆ ಫೋನ್ ಮಾಡಿ ಹೇಳಿದ್ದೂ ಉಂಟು.

ಹಳೆಯ ಪಟ ಹಳದಿಯಾಗಿತ್ತೆಂದು ಒಂದು ಸಲ ಅದನ್ನು ತೆಗೆದು ಹೊಸದನ್ನು ತೂಗುಹಾಕಿದಳು. ಅದರ ಅಕ್ಷರಗಳೇ ಬೇರೆ. ಮರುದಿನ ಮೇಷ್ಟ್ರು ಕುರ್ಚಿಯಲ್ಲಿ ಕೂತು, ಒಂದಿಷ್ಟೂ ತಡವರಿಸದೆ, ಹಳೆಯ ಪಟವನ್ನು ಮೇಲಿನಿಂದ ಕೆಳಗಿನವರೆಗೆ ಒಪ್ಪಿಸಿದರು.

ಆಕೆ ಕೈಯಲ್ಲಿದ್ದ ಗಾಜನ್ನು ಮೆಲ್ಲನೆ ಪೆಟ್ಟಿಗೆಯಲ್ಲಿ ಇಟ್ಟಳು.

"ಎಲ್ಲಾ ಸರಿಯಾಗಿದೆ ಮೇಷ್ಟ್ರೇ," ಎಂದಳು.

ಮೇಷ್ಟ್ರಿಗೆ ಆ ದನಿಯೇ ಸಾಕಾಯಿತು.

"ಪಟ ಬದಲಾಯಿಸಿದ್ದೀಯಾ?"

"ಹೂಂ."

ಮೇಷ್ಟ್ರು ಪಟದ ಕಡೆಯಿಂದ ಮುಖ ತಿರುಗಿಸಿ ಅವಳ ದನಿ ಬಂದತ್ತ ಹೊರಳಿದರು. ಆಮೇಲೆ, "ನೀನು ಅಷ್ಟು ಆಸೆಯಿಂದ 'ಈಗ?' ಅಂತ ಕೇಳ್ತೀಯಲ್ಲ, ಇಲ್ಲ ಅನ್ನೋಕೆ ಬಾಯೇ ಬರ್ಲಿಲ್ಲ ಕಣೇ," ಎಂದರು.

ಆಕೆ ಕುರ್ಚಿಯ ಹಿಂದೆ ನಿಂತು ಅವರ ತಲೆಯನ್ನು ಎದೆಗೊತ್ತಿಕೊಂಡಳು. ಕನ್ನಡಕಕ್ಕೆಂದು ಬಂದವರೊಬ್ಬರು ಬಾಗಿಲಿಂದಲೇ ಹಿಂದಿರುಗಿದರು.

ಆ ಬೇಸಿಗೆಗೆ ಮೊದಲೇ ಮೇಷ್ಟ್ರು ಕೆಲಸ ಬಿಡಲು ತೀರ್ಮಾನಿಸಿದರು. ಕೊನೆಯ ಪಾಠ ಅಲೆಗಳದ್ದು. ಬೋರ್ಡಿನ ಮೇಲೆ ಬರೆಯಲಾಗದ್ದರಿಂದ ಉದ್ದನೆಯ ಹಗ್ಗ ತರಿಸಿದ್ದರು. ತಮ್ಮನ್ನು ಕ್ಲಾಸಿಗೆ ಕರೆದುಕೊಂಡು ಬಂದಿದ್ದ ಆಕೆಯ ಕೈಗೇ ಅದರ ಒಂದು ತುದಿ ಕೊಟ್ಟರು. ಇನ್ನೊಂದು ತುದಿ ಹಿಡಿದು ಒಮ್ಮೆ ಕೊಡವಿದರು. ಉಬ್ಬೊಂದು ಹಗ್ಗದುದ್ದಕ್ಕೂ ಓಡಿತು. ಹಗ್ಗ ಎಲ್ಲಿಗೂ ಹೋಗುವುದಿಲ್ಲ, ಅದರ ಅಲುಗಾಟವಷ್ಟೇ ದಾಟಿ ಹೋಗುತ್ತದೆ ಎಂದು ವಿವರಿಸಿದರು. ಬೆಳಕೂ ಅಲೆಯೇ, ಆದರೆ ಅದಕ್ಕೆ ಹಗ್ಗವೂ ಬೇಡ, ಬರೀ ಬಯಲಲ್ಲೂ ಸಾಗಿ ಬರುತ್ತದೆ ಎಂದರು. ಹೀಗೆನ್ನುತ್ತಲೇ ತಟ್ಟನೆ ಮಾತು ನಿಲ್ಲಿಸಿದರು. ಅವರು ಕೊಡವದಿದ್ದರೂ ಹಗ್ಗದಲ್ಲಿ ಸಣ್ಣಸಣ್ಣ ಅಲೆಗಳು ಅವರ ಬೆರಳಿಗೆ ಬಂದು ತಾಗುತ್ತಿದ್ದವು.

"ಕೈ ನಡುಗಿಸ್ಬೇಡ ಕಣೇ," ಎಂದರು ಮೆತ್ತಗೆ. "ಮಕ್ಕಳು ಅದನ್ನೂ ಪಾಠ ಅಂತ ಬರ್ಕೋತಾರೆ."

ಮಕ್ಕಳು ನಕ್ಕರು. ಆಕೆಯೂ ನಗಲು ನೋಡಿದಳು. ಆಗಲಿಲ್ಲ. ಮೇಷ್ಟ್ರು ಹಗ್ಗವನ್ನು ಒಂದೊಂದೇ ಹಿಡಿಯಾಗಿ ಸುತ್ತಿಕೊಳ್ಳುತ್ತ, ಅದರ ಜಾಡಿನಲ್ಲೇ ಬೆಂಚುಗಳ ನಡುವೆ ನಡೆದು ಅವಳಿದ್ದಲ್ಲಿಗೆ ಬಂದರು.