ಎರಡನೇ ಮಹಡಿಯ ಕೆರೆ

ಊರಿನ ಕೆರೆಯ ನೀರನ್ನು ಪರೀಕ್ಷೆಗೆ ಕಳಿಸುವುದು ನನ್ನ ಕೆಲಸ. ಹನ್ನೊಂದು ವರ್ಷದಿಂದ ಪ್ರತಿ ತಿಂಗಳ ಮೊದಲ ಸೋಮವಾರ, ಬಾಟಲಿಗಳ ಪೆಟ್ಟಿಗೆ ಹಿಡಿದು ಟೈಲರ್ ಅಕ್ಕನ ಮನೆಯ ಎರಡು ಮಹಡಿ ಹತ್ತಿ, ಅವಳ ಅಡುಗೆಮನೆಯ ನಲ್ಲಿಯಿಂದ ಕೆರೆಯ ನೀರು ಹಿಡಿದುಕೊಂಡು ಬರುತ್ತಿದ್ದೆ.

ಇಲಾಖೆಯ ನಕ್ಷೆಯಲ್ಲಿ ಕೆರೆಗೆ ಒಂದು ಚುಕ್ಕೆ ಇಟ್ಟಿದ್ದಾರೆ. ನೀರನ್ನು ಆ ಚುಕ್ಕೆಯಲ್ಲೇ ತೆಗೆಯಬೇಕು. ಚುಕ್ಕೆ ಇಟ್ಟಾಗ ಅಲ್ಲಿ ಸೊಂಟದುದ್ದ ನೀರಿತ್ತು, ಸುತ್ತ ಜೊಂಡು ಬೆಳೆದಿತ್ತು. ಆಮೇಲೆ ಜೊಂಡು ಕಿತ್ತು ಮಣ್ಣು ತುಂಬಿದರು, ಮಣ್ಣಿನ ಮೇಲೆ ಮನೆಗಳನ್ನು ಕಟ್ಟಿದರು. ಕೆರೆ ಹಿಂದೆ ಸರಿಯಿತು, ಚುಕ್ಕೆ ಸರಿಯಲಿಲ್ಲ. ಅದೀಗ ಟೈಲರ್ ಅಕ್ಕನ ಒಲೆಗೂ ಸಿಂಕಿಗೂ ನಡುವೆ ಇದೆ. ನನಗಿಂತ ಮೊದಲಿದ್ದವರು ಮೆಟ್ಟಿಲು ಹತ್ತುತ್ತಿದ್ದರು, ನಾನೂ ಹತ್ತಿದೆ.

ಸಾಹೇಬರಿಗೆ ಒಮ್ಮೆ ಹೇಳಿನೋಡಿದ್ದೆ.

"ಚುಕ್ಕೆ ಬದಲಾಯಿಸಿದ್ರೆ ಹಳೇ ಅಂಕಿಗೂ ಹೊಸ ಅಂಕಿಗೂ ತಾಳೆ ಆಗಲ್ಲಮ್ಮಾ. ನಲವತ್ತು ವರ್ಷದ ದಾಖಲೆ. ಬೇಕಾದ್ರೆ ಕೆರೇನೇ ವಾಪಸ್ ಬರಲಿ."

ನನಗೂ ಮನೆಯಲ್ಲಿ ಕೈತುಂಬ ಕೆಲಸ. ಅದೇ ನಲ್ಲಿ ತಿರುಗಿಸುತ್ತ ಹೋದೆ.

ಹೀಗಾಗಿ ಸುತ್ತ ಹತ್ತೂರಿಗೆ ನಮ್ಮದೇ ಶುದ್ಧ ಕೆರೆ. ಅಕ್ಕನ ಕಿಟಕಿಯಿಂದ ಮಾತ್ರ ಬೇರೆಯದೇ ಕಾಣುತ್ತಿತ್ತು. ಆಚೆ ದಡದಲ್ಲಿ ಕೋಸು ಬೆಳೆಯುವ ಹೊಲಗಳು. ಮಳೆ ಬಂದ ಮರುವಾರ ಗೊಬ್ಬರವೆಲ್ಲ ಇಳಿದು ಕೆರೆ ಹಸಿರು ಗಂಜಿಯಾಗುತ್ತಿತ್ತು. ಎಡಕ್ಕೆ ಬಟ್ಟೆಗೆ ಬಣ್ಣ ಹಾಕುವ ಕಾರ್ಖಾನೆ, ದಿನಕ್ಕೊಂದು ಬಣ್ಣ ಕೆರೆಗೆ ಬಿಡುತ್ತಿತ್ತು. ಉಳಿದ ಜೊಂಡಿದ್ದಲ್ಲಿ ಈಗ ಕಾರು ನಿಲ್ಲಿಸುವ ಸಿಮೆಂಟು ಬಯಲು. ಅಲ್ಲಿ ಸೋರಿದ ಎಣ್ಣೆಯನ್ನು ತಡೆಯಲು ಒಂದು ಹುಲ್ಲುಕಡ್ಡಿಯೂ ಇರಲಿಲ್ಲ. ಅಕ್ಕ ಕೆರೆ ನೋಡಿಯೇ ವಾರ ಹೇಳುತ್ತಿದ್ದಳು: "ಇವತ್ತು ನೇರಳೆ. ಅಂದ್ರೆ ಗುರುವಾರ."

ಒಂದು ಸಂಜೆ ನನ್ನ ಮಗಳು ಶಾಲೆಯಿಂದ ಕುಣಿಯುತ್ತ ಬಂದಳು.

"ಅಮ್ಮಾ, ಕೆರೇಲಿ ಈಜು ಕಲಿಸ್ತಾರಂತೆ! ಹದಿನೈದನೇ ತಾರೀಖಿಂದ. ರಿಪೋರ್ಟ್ ಅಷ್ಟು ಚೆನ್ನಾಗಿದೆಯಂತೆ. ಅದ್ರಲ್ಲಿ ನಿನ್ ಸಹಿ ಇದೆ, ಎಲ್ಲರಿಗೂ ತೋರಿಸ್ದೆ!"

"ನೀನು ಹೋಗ್ಬೇಡ."

"ಯಾಕೆ?"

"ನೀರು ಸರಿಯಿಲ್ಲ."

"ಸರಿಯಿದೆ ಅಂತ ನೀನೇ ಬರ್ದಿದ್ದೀಯಲ್ಲ!"

ಎಂಟು ವರ್ಷದ ಮಗು. ಇವಳನ್ನೇನೋ ಬೈದು ಮನೆಯಲ್ಲಿ ಕೂರಿಸಬಹುದು. ನನ್ನ ಸಹಿ ನಂಬಿ ನೀರಿಗಿಳಿಯುವ ಉಳಿದ ನಲವತ್ತು ಮಕ್ಕಳನ್ನು ಏನು ಮಾಡಲಿ?

ಮರುದಿನ ಸಾಹೇಬರ ಮೇಜಿನ ಮುಂದೆ ನಿಂತೆ. "ಈಜು ನಿಲ್ಲಿಸಿ ಸಾರ್. ನೀರು ಕೆಟ್ಟಿದೆ."

"ಯಾರು ಹೇಳಿದ್ರು?"

"ನನ್ ಕಣ್ಣೇ ಹೇಳ್ತಿದೆ. ದಡದಲ್ಲಿ ಮೊಣಕಾಲುದ್ದ ನೊರೆ ನಿಂತಿದೆ."

"ನೊರೆ ಅಂದ್ರೆ ಸೋಪು. ಸೋಪು ಅಂದ್ರೆ ಕ್ಲೀನು," ಎಂದರು ಸಾಹೇಬರು. "ನಿಮ್ಮ ಕಣ್ಣಿಗೆ ಸೀಲು ಒತ್ತೋಕಾಗಲ್ಲಮ್ಮಾ. ಲ್ಯಾಬ್ ರಿಪೋರ್ಟ್ ತನ್ನಿ. ಚುಕ್ಕೆಯಿಂದ."

ಬಸ್ಸಿನಲ್ಲಿ ಕಂಬಿ ಹಿಡಿದು ನೇತಾಡುತ್ತ ಮನೆಗೆ ಹೋಗುವಾಗ ಹೊಳೆಯಿತು. ಚುಕ್ಕೆ ಕೆರೆಗೆ ಹೋಗುವಂತಿಲ್ಲ, ಸರಿ. ಕೆರೆ ಚುಕ್ಕೆಗೆ ಬರಬಾರದು ಎಂದು ಯಾವ ನಿಯಮದಲ್ಲೂ ಬರೆದಿಲ್ಲ.

ಸೋಮವಾರ ಎರಡು ಬಕೆಟ್ ಕೆರೆ ಹೊತ್ತು ಮೆಟ್ಟಿಲು ಹತ್ತಿದೆ. ಕೊರಳಲ್ಲಿ ಅಳತೆ ಟೇಪು ನೇತುಹಾಕಿಕೊಂಡಿದ್ದ ಅಕ್ಕ ಬಾಗಿಲಲ್ಲೇ ಮೂಗು ಮುಚ್ಚಿದಳು.

"ಏನೇ ಇದು, ಸತ್ತಿರೋದು ಏನಾದ್ರೂ ತಂದ್ಯಾ?"

"ಕೆರೆ, ಅಕ್ಕ."

"ಕೆರೇನ ಯಾರಾದ್ರೂ ಮನೆಯೊಳಗೆ ತರ್ತಾರೇನೇ, ಹುಚ್ಚಿ!"

"ನೀನು ಕೆರೆಯೊಳಗೆ ಮನೆ ತಂದಿಲ್ವಾ? ದಾರಿ ಬಿಡು, ಕೈ ಬಿದ್ದುಹೋಗ್ತಿದೆ."

ಅಕ್ಕ ನನ್ನನ್ನು ಮೇಲಿಂದ ಕೆಳಗೆ ನೋಡಿ, ಈಜಿನ ವಿಷಯ ಕೇಳಿಸಿಕೊಂಡು, ಪಕ್ಕಕ್ಕೆ ಸರಿದಳು. ನಕ್ಷೆ ಹಿಡಿದು ತಾನೇ ಟೇಪಿನಲ್ಲಿ ಅಳೆದಳು. ಒಲೆಯಿಂದ ಮೂರಡಿ, ಗೋಡೆಯಿಂದ ಎರಡಡಿ. ಅಲ್ಲಿಗೆ ಬೋಗುಣಿ ಇಟ್ಟು ನೀರು ಸುರಿದು ಬಾಟಲಿ ಅದ್ದಿದೆ. ಚೀಟಿಯಲ್ಲಿ 'ಸ್ಥಳ: ಚುಕ್ಕೆ. ಕೆರೆಯ ನೀರು' ಎಂದು ಬರೆದೆ. ಇಷ್ಟು ವರ್ಷದಲ್ಲಿ ಮೊದಲ ಸಲ ಎರಡೂ ನಿಜವಾಗಿದ್ದವು.

"ಉಳಿದಿದ್ದನ್ನ ಸಿಂಕಿಗೇ ಸುರಿ," ಎಂದಳು ಅಕ್ಕ. "ಹೇಗೂ ಆ ಪೈಪು ಕೆರೆಗೇ ಹೋಗೋದು."

ಲ್ಯಾಬಿನವನು ಫೋನ್ ಮಾಡಿ, ಇದನ್ನು ನೀರು ಎಂದು ಬರೆದುಕೊಳ್ಳಬೇಕೋ ಬೇಡವೋ ಎಂದು ಕೇಳಿದ. ಹದಿನಾಲ್ಕನೇ ತಾರೀಖು ಸಾಹೇಬರೇ ಡ್ರಿಲ್ಲಿಂಗ್ ಮೆಷಿನ್ನಿನ ಸಮೇತ ಬಂದರು. ಎಚ್ಚರಿಕೆಯ ಫಲಕವನ್ನು ಚುಕ್ಕೆಯಲ್ಲೇ ಹಾಕಬೇಕಂತೆ. ಒಲೆಯ ಮೇಲಿನ ಗೋಡೆಗೆ ಹೊಡೆಸಿದರು: 'ಕಲುಷಿತ ನೀರು. ಇಲ್ಲಿಂದ ಇನ್ನೂರು ಮೀಟರಿನೊಳಗೆ ಈಜುವಂತಿಲ್ಲ.'

"ಸ್ವಾಮಿ, ನನ್ನ ಸಿಂಕಲ್ಲಿ ಈಜೋರು ಯಾರು?" ಎಂದಳು ಅಕ್ಕ.

"ನಿಯಮ ಎಲ್ಲರಿಗೂ ಒಂದೇ."

ನಾನು ಕಿಟಕಿ ತೆರೆದೆ. "ಸಾರ್, ಇಲ್ಲಿಂದ ಕೆರೆ ಎಷ್ಟು ದೂರ ಇರಬಹುದು?"

ಅವರು ಕಣ್ಣು ಕಿರಿದು ಮಾಡಿದರು. "ನೂರು ಮೀಟರ್."

"ಹಾಗಾದ್ರೆ ಕೆರೇಲೂ ಈಜೋ ಹಾಗಿಲ್ಲ."

"ಇಲ್ಲ," ಎಂದರು ಸಾಹೇಬರು, ತುಂಬ ಬೇಸರದಿಂದ. ಆಮೇಲೆ ಅಕ್ಕನ ಕಡೆ ತಿರುಗಿದರು. "ಅಡುಗೆಮನೆ ಈ ಮಟ್ಟಕ್ಕೆ ಬರೋವರೆಗೂ ನೀವೇನ್ ಮಾಡ್ತಿದ್ರಮ್ಮಾ? ಮೂರು ತಿಂಗಳು ಒಲೆ ಹಚ್ಚಬೇಡಿ. ಕೆರೆ ಸ್ವಲ್ಪ ಚೇತರಿಸಿಕೊಳ್ಳಲಿ."

ಹೀಗೆ ಅಕ್ಕ ಎರಡು ಹೊತ್ತೂ ನಮ್ಮನೆಯಲ್ಲೇ ಊಟಕ್ಕೆ ಕೂರುವಂತಾಯಿತು. ನನ್ನ ಅಡುಗೆಗೆ ದಿನಾ ಒಂದೊಂದು ಕೊಂಕು ತೆಗೆಯುತ್ತಾಳೆ, ನಾನು ಕೇಳಿಸಿಕೊಳ್ಳುತ್ತೇನೆ. ಈಜು ನಿಂತಿದ್ದಕ್ಕೆ ಮಗಳು ನನ್ನ ಜೊತೆ ಮಾತು ಬಿಟ್ಟಳು. ಕೊಂಡಿದ್ದ ಈಜುಟೋಪಿ ಹಾಕಿಕೊಂಡೇ ಉಣ್ಣುತ್ತಿದ್ದಳು. ಏನಾದರೂ ಬೇಕಿದ್ದರೆ ಅಕ್ಕನಿಗೆ, "ಅತ್ತೆ, ಉಪ್ಪು ಕೊಡೋಕೆ ಹೇಳಿ ಅವರಿಗೆ," ಎನ್ನುತ್ತಿದ್ದಳು. ಅವರು ಅಂದರೆ ನಾನು.

ಮುಂದಿನ ತಿಂಗಳ ನೀರಿಗೆ ನಲ್ಲಿ ತಿರುಗಿಸಿದರೆ ಕೆರೆ ಮತ್ತೆ ಶುದ್ಧವಾಗಿಬಿಡುತ್ತದೆ, ಈಜು ಶುರುವಾಗುತ್ತದೆ. ಸೋಮವಾರ ನಾನು ಬಕೆಟ್ ಎತ್ತಿಕೊಂಡಾಗ ಅಕ್ಕ ಹೇಳಿದಳು: "ಆ ಟೋಪಿಯವಳನ್ನೂ ಕರ್ಕೊಂಡು ಹೋಗೇ. ಅಮ್ಮ ಹೊರೋದು ಏನು ಅಂತ ನೋಡ್ಲಿ."

ದಡದಲ್ಲಿ ಮಗಳು ಬಗ್ಗಿ ನೋಡಿದಳು. ನೊರೆಯ ಕೆಳಗೆ ನೀರು ಇಟ್ಟಿಗೆಯ ಬಣ್ಣಕ್ಕಿತ್ತು. ಅಂಚಿನಲ್ಲಿ ಎಣ್ಣೆ, ಕೋಸಿನ ಕೊಳೆತ ಎಲೆ.

"ಇದ್ರಲ್ಲಾ?" ಎಂದಳು.

"ಇದ್ರಲ್ಲೇ."

ಅವಳು ಒಂದು ಕೈಯಲ್ಲಿ ಮೂಗು ಹಿಡಿದು, ಇನ್ನೊಂದು ಕೈಯನ್ನು ಬಕೆಟ್ಟಿನ ಹಿಡಿಯ ಮೇಲೆ ನನ್ನ ಕೈಯ ಪಕ್ಕ ಇಟ್ಟಳು. "ನಿಧಾನ ಅಮ್ಮಾ, ಚೆಲ್ಲತ್ತೆ," ಎಂದು ಮೂಗಿನಲ್ಲೇ ಗದರಿದಳು.