ನನ್ನ ಗಂಟಲಲ್ಲಿ ತುಂಡಾದ ನೂಲು

ನಾನು ಒಂದು ವಾಲ್ವ್. ಪೈಪಿಗೆ ಗಂಟಲಿದ್ದ ಹಾಗೆ. ತಲೆಯ ಮೇಲಿನ ಚಕ್ರ ತಿರುಗಿಸಿದರೆ ಹಿಗ್ಗುತ್ತೇನೆ, ಇಲ್ಲವೇ ಕುಗ್ಗುತ್ತೇನೆ. ಇಷ್ಟೇ ನನ್ನ ವಿದ್ಯೆ. ಇಷ್ಟು ಸಣ್ಣ ವಿದ್ಯೆಯಿಂದ ಒಬ್ಬ ಹೆಣ್ಣುಮಗಳ ಒಂಬತ್ತು ವರ್ಷದ ದುಡಿಮೆ ಹಾಳು ಮಾಡಿದೆ. ಅದನ್ನು ಹೇಳಿಕೊಳ್ಳದೆ ನನಗೆ ತುಕ್ಕು ಹಿಡಿಯಲೂ ನೆಮ್ಮದಿಯಿಲ್ಲ.

ಹುಟ್ಟಿದ್ದು ಬೆಳಗಾವಿಯ ಒಂದು ಫೌಂಡ್ರಿಯಲ್ಲಿ. ಮರಳಿನ ಅಚ್ಚಿಗೆ ಕಾದ ಉಕ್ಕು ಹುಯ್ದು, ಆರಿದ ಮೇಲೆ ಅಚ್ಚು ಒಡೆದು ಎತ್ತಿದರು. ಅಲ್ಲಿಂದ ಲಾರಿ ಹತ್ತಿ ರಾಜಸ್ಥಾನದ ಮರುಭೂಮಿಗೆ, ಒಂದು ಎಣ್ಣೆ ಕಂಪನಿಗೆ ಬಂದೆ. ಅಲ್ಲಿ ನೆಲದಡಿಯ ಮರಳುಗಲ್ಲಿನಲ್ಲಿ ಎಣ್ಣೆಯಿದೆ, ಆದರೆ ಕಾಕಂಬಿಯಂಥ ದಪ್ಪ ಎಣ್ಣೆ. ಒಂದು ಬಾವಿಯಲ್ಲಿ ನೀರು ನುಗ್ಗಿಸಿ, ಆಚೆಯ ಬಾವಿಯಲ್ಲಿ ಎಣ್ಣೆ ಬರಲಿ ಎಂದು ಕಾಯುತ್ತಾರೆ. ನೀರು ನುಗ್ಗಿಸುವ ಬಾವಿಯ ಬಾಯಲ್ಲಿ ನನ್ನನ್ನು ಕೂರಿಸಿದರು.

ನನ್ನನ್ನು ನೋಡಿಕೊಳ್ಳುತ್ತಿದ್ದವನು ಲಿಂಗಸುಗೂರಿನ ಮೌನೇಶಣ್ಣ. ಹದಿನೆಂಟು ವರ್ಷ ಅದೇ ಬಾವಿ. ಬೆಳಿಗ್ಗೆ ಬಂದವನೇ ನನ್ನ ಮೈಮೇಲಿನ ಮರಳು ಒರೆಸಿ, ನನ್ನ ಮುಂದೆ ಬಾವಿಯ ಕಡೆಗಿದ್ದ ಒತ್ತಡದ ಮೀಟರ್ ನೋಡುತ್ತಿದ್ದ. ಮುಳ್ಳು ಏರಿದ್ದರೆ ನನ್ನನ್ನು ಒಂದು ಸುತ್ತು ಮುಚ್ಚುವನು, ಮುಳ್ಳು ಇಳಿಯುವುದು. ನೀರಿನ ಕಾಲಕ್ಕೆ ಅದು ಸರಿಯೇ ಇತ್ತು. ಆದರೆ ನೀರು ಮೈಗಳ್ಳ. ದಪ್ಪ ಎಣ್ಣೆಯನ್ನು ತಳ್ಳುವ ಬದಲು ಸಂದಿ ಹುಡುಕಿ ಪಕ್ಕದಿಂದ ಜಾರಿಕೊಳ್ಳುತ್ತಿತ್ತು. ಆಚೆಯ ಬಾವಿಗೆ ಬರುತ್ತಿದ್ದುದೂ ನೀರೇ.

ಆಗ ಬಂದವಳು ಶಶಿಕಲಾ ಬಿರಾದಾರ, ಬಸವಕಲ್ಯಾಣದ ಎಂಜಿನಿಯರ್. ನೀರಿಗೆ ಪಾಲಿಮರ್ ಪುಡಿ ಕಲಸಿ ದಪ್ಪ ಮಾಡಿದಳು. ಬೆರಳದ್ದಿ ಎತ್ತಿದರೆ ಬೆಲ್ಲದ ಪಾಕದ ಹಾಗೆ ನೂಲು ಬರುತ್ತಿತ್ತು. ಒಂಬತ್ತು ವರ್ಷ ಲ್ಯಾಬಿನಲ್ಲಿ ಕೂತು ಕಂಡುಕೊಂಡ ಹದ ಅದು. ಕಂಪನಿ ಅವಳಿಗೆ ಕೊಟ್ಟ ಗಡುವು ಒಂದೇ ವರ್ಷ: ಮಾರ್ಚ್ ಕೊನೆಗೆ ಎಣ್ಣೆ ಹೆಚ್ಚದಿದ್ದರೆ ಬಾವಿ ಮುಚ್ಚುವುದು, ಎಲ್ಲರನ್ನೂ ಮನೆಗೆ ಕಳಿಸುವುದು.

ಮೊದಲ ವಾರವೇ ಮುಳ್ಳು ಏರಿತು. ದಪ್ಪ ನೀರು ಕಲ್ಲಿನೊಳಗೆ ಹೆಗಲು ಕೊಟ್ಟು ತಳ್ಳುತ್ತಿತ್ತು, ಏರಲೇಬೇಕು. ಮೀಟರಿನಲ್ಲಿ ಅಪಾಯದ ಕೆಂಪು ಗೆರೆ ಇನ್ನೂ ಬಹಳ ದೂರವಿತ್ತು. ಆದರೆ ಮೌನೇಶಣ್ಣನ ಕೈ ಕೇಳಬೇಕಲ್ಲ! ಒಂದು ಸುತ್ತು ಮುಚ್ಚಿದ. ಮರುವಾರ ಇನ್ನೊಂದು. ನನ್ನ ಗಂಟಲು ಬೆರಳು ತೂರದಷ್ಟು ಕಿರಿದಾಯಿತು. ಹಿಂದಿನಿಂದ ಪಂಪು ಮಾತ್ರ ಮೊದಲಿನಷ್ಟೇ ದೂಡುತ್ತಿತ್ತು. ಆ ಇಕ್ಕಟ್ಟಿನ ರಭಸಕ್ಕೆ ಸಿಕ್ಕಿ ನೀರನ್ನು ದಪ್ಪವಾಗಿಟ್ಟಿದ್ದ ಪಾಲಿಮರಿನ ಉದ್ದನೆಯ ಎಳೆಗಳು ತುಂಡಾಗತೊಡಗಿದವು. ಆಚೆ ಇಳಿಯುತ್ತಿದ್ದುದು ಹೆಚ್ಚುಕಡಿಮೆ ಬರೀ ನೀರು. ಮುಳ್ಳು ಇಳಿಯಿತು, ಮೌನೇಶಣ್ಣ ನಿಟ್ಟುಸಿರು ಬಿಟ್ಟ. ಬೇಲಿಯೇ ಎದ್ದು ಹೊಲ ಮೇಯ್ದರೆ ಯಾರಿಗೆ ದೂರುವುದು?

ನಾನು ಕಿರುಚಿದೆ. ನಿಜವಾಗಿಯೂ ಕಿರುಚಿದೆ, ಇಕ್ಕಟ್ಟಾದ ವಾಲ್ವ್ ಸಿಳ್ಳೆ ಹಾಕುತ್ತದೆ. ಮೌನೇಶಣ್ಣ "ಪಾಪ, ಒಣಗೇದ" ಎಂದು ನನಗೆ ಗ್ರೀಸ್ ಹಚ್ಚಿದ.

ಶಶಿಕಲಾ ದಿನವೂ ದಪ್ಪ ಅಳೆಯುತ್ತಿದ್ದಳು, ಆದರೆ ಪುಡಿ ಕಲಸುವ ಟ್ಯಾಂಕಿನ ನಲ್ಲಿಯಲ್ಲಿ. ಅದು ನನಗಿಂತ ಹಿಂದೆ. ಅಲ್ಲಿ ಎಲ್ಲವೂ ಸರಿ. ಒಮ್ಮೆ ಮೌನೇಶಣ್ಣನೇ ನನ್ನ ಮುಂದೆ ಬಾವಿಯ ಕಡೆಗಿದ್ದ ನಲ್ಲಿ ಬಿಟ್ಟು ಕೇಳಿದ:

"ಮೇಡಂ, ಇಲ್ಲಿ ಬಾಳ ತೆಳ್ಳಗ ಬರ್ಲಿಕತ್ತದ ನೋಡ್ರಿ."

"ಅದರ ಗುಣಾನೇ ಹಂಗ ಅದ ಅಣ್ಣಾ. ಜೋರ ಓಡೂಮುಂದ ತೆಳ್ಳಗ ಆಗ್ತದ, ಸಾವಕಾಶ ಆತಂದ್ರ ಮತ್ತ ದಪ್ಪ. ಕಲ್ಲಿನ್ಯಾಗ ಹೋದಮ್ಯಾಲ ತಾನೇ ಸರಿ ಆಗ್ತದ."

ಅವಳು ಹೇಳಿದ್ದು ಸುಳ್ಳಲ್ಲ, ಅದರ ಗುಣ ಹಾಗೆಯೇ. ಆದರೆ ದಣಿದ ಎಳೆ ಚೇತರಿಸಿಕೊಳ್ಳುತ್ತದೆ, ತುಂಡಾದ ಎಳೆ ಚೇತರಿಸಿಕೊಳ್ಳುವುದಿಲ್ಲ. ಅಯ್ಯೋ, ಆ ಒಂದು ಮಾತು ಹೇಳಲು ನನಗೆ ನಾಲಿಗೆ ಇರಬಾರದಿತ್ತೇ!

ಮಾರ್ಚ್ ಇಪ್ಪತ್ತೊಂದು. ಆಚೆಯ ಬಾವಿಯಲ್ಲಿ ಇನ್ನೂ ನೀರೇ. ಬೆಳಿಗ್ಗೆ ಮೌನೇಶಣ್ಣ ಮುಂದಿನ ನಲ್ಲಿಯಿಂದ ಒಂದು ಗಾಜಿನ ಬಾಟಲಿ ತುಂಬಿಸಿ ನನ್ನ ನೆರಳಲ್ಲಿಟ್ಟ. ಅವಳ ಮಾತಿನ ಮೇಲೆ ಅಷ್ಟು ನಂಬಿಕೆ. ಅದು ದಪ್ಪವಾಗುವುದನ್ನು ಕಣ್ಣಾರೆ ನೋಡುವ ಆಸೆ. ಮಧ್ಯಾಹ್ನ ಅದರ ಎದುರೇ ಬುತ್ತಿ ಬಿಚ್ಚಿದ. ರೊಟ್ಟಿ ಮುಗಿದ ಮೇಲೆ ಅಲುಗಿಸಿದ, ಗುಳುಗುಳು. ಸಂಜೆಗೂ ಗುಳುಗುಳು.

"ಮೇಡಂ, ಮುಂಜಾನಿಂದ ನಿಂತದ್ರೀ. ಯಾಕ ದಪ್ಪ ಆಗವಲ್ದು?"

ಶಶಿಕಲಾ ಬೆರಳದ್ದಿದಳು. ನೂಲು ಬರಲಿಲ್ಲ. ಮತ್ತೆ ಅದ್ದಿದಳು. ಆಮೇಲೆ ಅವಳ ಕಣ್ಣು ನನ್ನ ಚಕ್ರದ ಮೇಲೆ ಬಿತ್ತು.

"ಇದನ್ನ ಯಾರು ಮುಚ್ಚ್ಯಾರ?"

"ನಾನೇ ರೀ. ಒತ್ತಡ ಏರಬಾರ್ದಂತ..."

ಅವಳು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. "ನಾನು ಒಂದ್ ಸಲ ಇಲ್ಲಿ ಅಳತಿ ಮಾಡಿದ್ರ ಸಾಕಿತ್ತಲ್ಲಣ್ಣಾ" ಎಂದು ಮರಳಲ್ಲೇ ಕುಸಿದು ಕೂತಳು.

ಇಬ್ಬರೂ ಸೇರಿ ನನ್ನನ್ನು ತೆರೆದರು. ಮುಳ್ಳು ಏರಿತು. ಆದರೆ ದಪ್ಪ ನೀರು ಕಲ್ಲಿನೊಳಗೆ ಆಮೆಗಿಂತ ನಿಧಾನ. ಆಚೆಯ ಬಾವಿ ಮುಟ್ಟಲು ತಿಂಗಳುಗಳೇ ಬೇಕು, ಇದ್ದದ್ದು ಹತ್ತು ದಿನ. ನನ್ನ ಹಿಂದಿನ ದಪ್ಪ ನೀರಿನದೊಂದು, ಮುಂದಿನ ತೆಳು ನೀರಿನದೊಂದು ಬಾಟಲಿ ಹಿಡಿದು ಶಶಿಕಲಾ ಅಧಿಕಾರಿಗಳ ಮುಂದೆ ನಿಂತಳು, ಇನ್ನಾರು ತಿಂಗಳು ಕೊಡಿ ಎಂದು ಅಂಗಲಾಚಿದಳು. ಅವರು ಎಣ್ಣೆ ಎಲ್ಲಿ ಎಂದರು. ಏಪ್ರಿಲ್ ಒಂದಕ್ಕೆ ಪಂಪು ನಿಂತಿತು. ಅವಳು ಹೊರಟಾಗ ನನ್ನ ಕಡೆ ತಿರುಗಿಯೂ ನೋಡಲಿಲ್ಲ.

ಈಗ ನಾನು ಗುಜರಿ ರಾಶಿಯಲ್ಲಿದ್ದೇನೆ. ನನ್ನನ್ನು ಬಿಚ್ಚಿ ತಂದವನು ಮೌನೇಶಣ್ಣನೇ. ಊರಿಗೆ ಹೊರಡುವ ದಿನ ಚೀಲ ಹೆಗಲಿಗೇರಿಸಿ ಬಂದ, ಎಂದಿನಂತೆ ಮರಳು ಒರೆಸಿದ. ಬಿಚ್ಚುವಾಗ ರೂಢಿಯ ಮೇಲೆ ನನ್ನನ್ನು ಬಿಗಿಯಾಗಿ ಮುಚ್ಚಿಬಿಟ್ಟಿದ್ದ. ಈಗ ಅದು ಅವನ ಕಣ್ಣಿಗೆ ಬಿತ್ತು. ಚೀಲ ಕೆಳಗಿಟ್ಟು, ಎರಡೂ ಕೈಯಿಂದ ಚಕ್ರ ಹಿಡಿದು ತಿರುಗಿಸಿದ. ಅಳುತ್ತಲೇ ತಿರುಗಿಸಿದ, ಇನ್ನು ತಿರುಗದು ಎನ್ನುವವರೆಗೆ.

ಈಗ ನನ್ನ ಗಂಟಲು ಪೂರ್ತಿ ತೆರೆದಿದೆ. ಮರುಭೂಮಿಯ ಗಾಳಿ ಒಂದು ಕಡೆಯಿಂದ ಬಂದು ಇನ್ನೊಂದು ಕಡೆ ಹೋಗುತ್ತದೆ. ಅದಕ್ಕೆ ನಾನು ಒಂದಿಷ್ಟೂ ನೋವು ಮಾಡುವುದಿಲ್ಲ.