ಮೊಳೆ ಇಲ್ಲದ ಗೋಡೆ

ಡ್ರೈವರನ ತಲೆಯ ಮೇಲೆ ದೇವರ ಫೋಟೋ, ಚೆಂಡುಹೂವಿನ ಹಾರ ಒಂದು ತಿರುವಿಗೆ ಎಡಕ್ಕೆ ವಾಲುತ್ತದೆ, ಇನ್ನೊಂದಕ್ಕೆ ಬಲಕ್ಕೆ, ಆದರೆ ಫೋಟೋ ಅಲುಗುವುದಿಲ್ಲ, ಗಟ್ಟಿಯಾಗಿ ಮೊಳೆ ಹೊಡೆದಿದ್ದಾರೆ, ಬಸ್ಸಿಗಾದರೂ ಮೊಳೆ ಹೊಡೆಯಬಹುದು ಎಂದುಕೊಂಡಳು ಸುಪ್ರಿಯಾ, ಓಡುವ ಬಸ್ಸಿನಲ್ಲೂ ದೇವರಿಗೊಂದು ಖಾಯಂ ಜಾಗವಿದೆ, ಮನೆಯಲ್ಲಿ ಅಪ್ಪನ ಫೋಟೋಗೆ ಇಲ್ಲ — ಇಲ್ಲ ಎನ್ನುವ ಹಾಗೂ ಇಲ್ಲ ಈಗ, ಬೆಳಿಗ್ಗೆಯಿಂದ. ಅದನ್ನು ಈಗ ನೆನೆಯುವುದು ಬೇಡ. ಸಾಗರ ಇನ್ನೂ ದೂರವಿದೆ. ಹಿಂದಿನ ಬಾಗಿಲಲ್ಲಿ ದಿನೇಶ ಆನಂದಪುರ, ಆನಂದಪುರ ಇಳಿಯೋರು ಬನ್ನಿ ಬನ್ನಿ ಅನ್ನುತ್ತಿದ್ದಾನೆ, ಆಮೇಲೆ ಟಿಕೆಟ್ ಕೇಳುವವನ ಹಾಗೆ ಅವಳ ಸೀಟಿನ ಹತ್ತಿರ ಬಗ್ಗಿ, ಆಧಾರ್ ಕಾರ್ಡ್ ತಗಂಡ್ಯಾ, ತಗಂಡೆ, ನಂದೂನಾ, ನಿಂದೂ, ಅಷ್ಟೇ ಮಾತು. ತೀರ್ಥಹಳ್ಳಿಯಿಂದ ಸಾಗರಕ್ಕೆ ಹೋಗುವ ಈ ಖಾಸಗಿ ಬಸ್ಸಿಗೆ ಗಂಡ ದಿನೇಶನೇ ಕಂಡಕ್ಟರು, ಬಸ್ಸು ಸಾಗರದಲ್ಲಿ ನಿಂತಿರುವಷ್ಟು ಹೊತ್ತಿನಲ್ಲೇ ಅವನು ಬ್ಯಾಂಕಿಗೆ ಓಡಬೇಕು, ಮನೆ ಸಾಲದ ಪತ್ರಕ್ಕೆ ಸಹಿ ಹಾಕಬೇಕು, ವಾಪಸು ಓಡಬೇಕು, ಜೀವಮಾನಕ್ಕೊಂದು ಮನೆ ಮಾಡುವುದೂ ಇವರಿಗೆ ಟೀ ಕುಡಿಯುವ ಬಿಡುವಿನಲ್ಲೇ.

ಸಾಲ ಸಿಗುತ್ತದೆ ಎಂದು ಯಾರು ನಂಬಿದ್ದರು, ದಿನೇಶನಿಗೆ ಸಂಬಳ, ದಿನದ ಖರ್ಚಿನ ಬಾಟಾ ಎಲ್ಲ ಕೈಯಿಂದ ಕೈಗೆ, ಅವಳಿಗೂ ರಿಪ್ಪನ್‌ಪೇಟೆಯ ಮೆಡಿಕಲ್ ಶಾಪಿನಲ್ಲಿ ಹಾಗೆಯೇ, ಬ್ಯಾಂಕಿನ ಮ್ಯಾನೇಜರು ಕನ್ನಡಕ ತೆಗೆದು ಹೇಳಿದ್ದರು, ನೋಡಿ ಮೇಡಂ, ನಿಮ್ಮ ಆದಾಯಕ್ಕೆ ಸರಿಯಾದ ಪುರಾವೆ ಇಲ್ಲ, ಆದ್ರೆ ಇಷ್ಟು ವರ್ಷ ತಪ್ಪದೆ ಬಾಡಿಗೆ ಕಟ್ಟಿದ್ರೆ ಕಂತೂ ಕಟ್ತೀರಿ ಅಂತ ನಂಬಬಹುದು, ನಮ್ಮವರೊಬ್ರು ಮನೆಗೆ ಬರ್ತಾರೆ, ನಿಮ್ಮ ಓನರ್ ಒಂದು ಮಾತು ಹೇಳಿದ್ರೆ ಸಾಕು. ಒಂದು ಮಾತು ತಾನೇ ಅಂದುಕೊಂಡು ಎದ್ದು ಬಂದಿದ್ದಳು. ಓನರ್ ಅಂದರೆ ವರದಮ್ಮ, ಮುಂದಿನ ಮನೆಯಲ್ಲಿ ಒಬ್ಬರೇ ಇರುವವರು, ತಿಂಗಳ ಮೊದಲಿಗೆ ಬಾಡಿಗೆ ಕೊಟ್ಟರೆ ಎಣಿಸದೆ ಸೆರಗಿನಲ್ಲಿ ಸುತ್ತಿ ಅದರ ಬೆನ್ನಿಗೇ ಒಂದು ಲೋಟ ಕಾಫಿ ಕೊಡುವವರು, ಕಾಫಿ ಕುಡಿದು ಮುಗಿಯುವಷ್ಟರಲ್ಲಿ ಬಾಡಿಗೆ ಎನ್ನುವುದು ಇಬ್ಬರ ನಡುವೆ ನಡೆದೇ ಇಲ್ಲ ಅನ್ನಿಸಬೇಕು, ಹಾಗೆ. ಮದುವೆಯಾಗಿ ಬಂದ ದಿನ ಅವರು ಹೇಳಿದ್ದು ಒಂದೇ, ಗೋಡೆಗೆ ಮೊಳೆ ಮಾತ್ರ ಹೊಡೀಬ್ಯಾಡಿ ಮಾರಾಯ್ತಿ, ಸುಣ್ಣ ಉದುರ್ತದೆ. ಹೊಡೆಯಲಿಲ್ಲ. ಗಡಿಯಾರವನ್ನು ಕಿಟಕಿಯ ಸರಳಿಗೆ ಕಟ್ಟಿದರು, ಕ್ಯಾಲೆಂಡರು ಬಾಗಿಲ ಚಿಲಕದಲ್ಲಿ, ಬಾಗಿಲು ತೆಗೆದಾಗಲೆಲ್ಲ ತಿಂಗಳೂ ಆಚೆ ಹೋಗುತ್ತದೆ, ಅಪ್ಪ ಹೋದ ಮೇಲೆ ಅಪ್ಪನ ಫೋಟೋವನ್ನು ಅಕ್ಕಿ ಡಬ್ಬದ ಮೇಲೆ ಗೋಡೆಗೆ ಒರಗಿಸಿಟ್ಟಳು, ಅಕ್ಕಿ ತೆಗೆಯುವಾಗ ದಿನವೂ ಅಪ್ಪನನ್ನು ಕೆಳಗಿಳಿಸಬೇಕು, ಮತ್ತೆ ಹತ್ತಿಸಬೇಕು. ಹೊಸನಗರ ರಸ್ತೆಯಲ್ಲಿ ಮಾರಾಟಕ್ಕಿದ್ದ ಆ ಎರಡು ಕೋಣೆಯ ಹೆಂಚಿನ ಮನೆ ನೋಡಲು ಹೋದಾಗ ದಿನೇಶ ಬಾವಿ ನೋಡಿದ, ಮಾಡಿನ ಪಕಾಸು ನೋಡಿದ, ಅವಳು ನೋಡಿದ್ದು ಗೋಡೆ, ಗೋಡೆ ತುಂಬ ತುಕ್ಕು ಹಿಡಿದ ಮೊಳೆಗಳು, ಯಾರೋ ಯಾರನ್ನೂ ಕೇಳದೆ ಬೇಕಾದಲ್ಲಿ ಹೊಡೆದವು. ಇದೇ ಆಗಬೇಕು ಎಂದು ಅಲ್ಲಿಯೇ ನಿಶ್ಚಯ ಮಾಡಿದ್ದಳು, ಗಂಡನಿಗೆ ಕಾರಣ ಹೇಳಲಿಲ್ಲ, ಹೇಳಿದರೆ ನಗುತ್ತಿದ್ದ.

ಬ್ಯಾಂಕಿನಿಂದ ಬಂದವನ ಹೆಸರು ರಾಘವೇಂದ್ರ, ಹೆಲ್ಮೆಟ್ಟನ್ನು ಮಡಿಲಲ್ಲಿಟ್ಟುಕೊಂಡೇ ಇವರ ಮನೆಯಲ್ಲಿ ಕೂತ, ವರದಮ್ಮ ತಾವೇ ಕಾಫಿ, ಕೋಡುಬಳೆ ತಂದಿದ್ದರು, ಹಬ್ಬದ ಸೀರೆ ಬೇರೆ, ಇವಳಿಗೆ ಒಳ್ಳೆಯದಾಗಲಿ ಎಂದೇ, ಅದರಲ್ಲಿ ಅನುಮಾನ ಇಲ್ಲ. ಅಮ್ಮಾ, ಇವರು ನಿಮ್ಮ ಬಾಡಿಗೆದಾರರಾ ಅಂದ. ವರದಮ್ಮನ ಮುಖ ಸಣ್ಣದಾಯಿತು, ಬಂದವರ ಎದುರಿಗೆ ಇವರು ಬಾಡಿಗೆಯವರು ಅನ್ನುವುದೆಂದರೆ ಅನ್ನ ಹಾಕಿ ಲೆಕ್ಕ ಹೇಳಿದ ಹಾಗೆ, ಎಂತ ಬಾಡಿಗೆ ಮಾರಾಯ್ರೆ, ಇವ್ಳು ನಮ್ಮನೆ ಮಗಳಿದ್ದಂಗೆ, ಮಗಳ ಹತ್ರ ಯಾರಾದ್ರೂ ಬಾಡಿಗೆ ತಗಳ್ತಾರಾ. ಅವನ ಪೆನ್ನು ನಿಂತಿತು. ಹಂಗಾದ್ರೆ ಬಾಡಿಗೆ ಕೊಡ್ತಾ ಇಲ್ವಾ. ಇಲ್ಲಪ್ಪ. ಸುಪ್ರಿಯಾ ಕೋಡುಬಳೆಯ ತಟ್ಟೆ ಹಿಡಿದು ನಿಂತಿದ್ದಾಳೆ, ಈ ಮಾತನ್ನು ಎಲ್ಲೋ ಕೇಳಿದ್ದೇನೆ, ಎಲ್ಲೋ ಅಲ್ಲ, ಅಪ್ಪನ ಬಾಯಲ್ಲಿ, ಅಪ್ಪ ಹೂವಪ್ಪ ಹುಡುಗನಾಗಿದ್ದಾಗ ಗೇಣಿಗೆ ಗದ್ದೆ ಮಾಡುತ್ತಿದ್ದವರು, ಉಳುವವರಿಗೇ ಭೂಮಿ ಎಂದಾದ ಕಾಲದಲ್ಲಿ ಭೂ ನ್ಯಾಯಮಂಡಳಿಯ ಮುಂದೆ ನಿಂತಾಗ ಒಡೆಯರು ಹೇಳಿದ್ದೂ ಇದೇ, ಇವ ನಮ್ಮನೆ ಮಗ ಇದ್ದಂಗೆ, ಇವನ ಹತ್ರ ಗೇಣಿ ಎಂತದು. ಅವರು ಹೇಳಿದ್ದು ಗದ್ದೆ ಉಳಿಸಿಕೊಳ್ಳಲು, ವರದಮ್ಮ ಹೇಳಿದ್ದು ಪ್ರೀತಿಗೆ, ಆದರೆ ಮಾತು ಮಾತ್ರ ಅದೇ, ಬರೆದುಕೊಳ್ಳುವವನಿಗೆ ಎರಡೂ ಒಂದೇ. ಅಪ್ಪ ಕೈ ಮುಗಿದುಕೊಂಡೇ ಹೇಳಿದ್ದರಂತೆ, ಇಲ್ಲ ಒಡೇರೆ, ವರ್ಷಾ ವರ್ಷಾ ಗೇಣಿ ಭತ್ತ ಅಳೆದಿದೀನಿ. ಗದ್ದೆ ಬಂತು, ಈಗ ಅಣ್ಣ ಮಾಡುತ್ತಾನೆ. ಈ ಕತೆ ಹೇಳುವಾಗಲೆಲ್ಲ ಅಪ್ಪ ನಗುತ್ತಿದ್ದರು, ಕೊನೆಗೆ ಮಾತ್ರ, ಆಮೇಲೆ ಒಡೇರ ಜಗಲಿ ಹತ್ತಕೆ ಆಗ್ಲಿಲ್ಲ ನೋಡು ಅನ್ನುತ್ತಿದ್ದರು. ಇಲ್ಲ ಅಮ್ಮ, ನಾನು ಬಾಡಿಗೆ ಕೊಡ್ತೀನಿ, ಇಷ್ಟು ಹೇಳಿದರೆ ಆಗಿತ್ತು, ರಾಘವೇಂದ್ರ ಪೆನ್ನಿನ ಮುಚ್ಚಳ ಹಾಕುತ್ತಿದ್ದಾನೆ, ಆ ಮನೆ ಹೋಯಿತು, ಗೋಡೆಗಳು ಹೋದವು — ಸಾರ್, ಗೋಡೆ ನೋಡಿ, ಒಂದಾದ್ರೂ ಮೊಳೆ ಇದೆಯಾ, ಮಗಳ ಮನೆ ಹಿಂಗಿರ್ತದಾ. ಇದು ತನ್ನದೇ ದನಿಯೇ ಎಂದು ಅವಳಿಗೆ ಈಗಲೂ ಗೊತ್ತಿಲ್ಲ. ಅವನು ನೋಡಿದ, ಸರಳಿನ ಗಡಿಯಾರ, ಚಿಲಕದ ಕ್ಯಾಲೆಂಡರು, ಡಬ್ಬದ ಮೇಲಿನ ಅಪ್ಪ. ವರದಮ್ಮನೂ ನೋಡಿದರು, ತಮ್ಮದೇ ಗೋಡೆಯನ್ನು ಮೊದಲ ಸಲ ನೋಡುವವರಂತೆ. ಹೌದಪ್ಪ, ನಾನೇ ಬ್ಯಾಡ ಅಂದಿದ್ದೆ, ಬಾಡಿಗೆ ತಿಂಗ್ಳು ತಿಂಗ್ಳೂ ಸರಿಯಾಗಿ ಕೊಡ್ತಾರೆ, ಬರ್ಕಳಿ ಅಂದರು, ಅವನು ಅರ್ಧ ಕುಡಿದಿಟ್ಟಿದ್ದ ಲೋಟವನ್ನೂ ಎತ್ತಿಕೊಂಡು ಹೋದರು.

ಈ ತಿಂಗಳ ಬಾಡಿಗೆಯನ್ನು ವರದಮ್ಮ ಎಣಿಸಿ ತೆಗೆದುಕೊಂಡರು. ಕಾಫಿ ಇಲ್ಲ. ಸಾಲ ಪಾಸಾಗಿದೆ ಎಂದು ಫೋನು ಬಂದ ದಿನ ಸುಪ್ರಿಯಾಗೆ ಖುಷಿಯಾಯಿತು, ನಿಜವಾಗಿಯೂ ಆಯಿತು, ಅದನ್ನು ಮೊದಲು ಹೇಳಬೇಕಾದ ವರದಮ್ಮನಿಗೆ ಹೇಳಲಾಗಲಿಲ್ಲ, ಅಷ್ಟೇ. ಇವತ್ತು ಬೆಳಿಗ್ಗೆ ಅವಳು ತಲೆ ಬಾಚುತ್ತಿದ್ದಾಗ ವರದಮ್ಮ ಬಂದರು, ಕೈಯಲ್ಲಿ ಸುತ್ತಿಗೆ, ಒಂದು ಮೊಳೆ, ಏನು ಎತ್ತ ಎನ್ನದೆ ಅಕ್ಕಿ ಡಬ್ಬದ ಮೇಲಿನ ಗೋಡೆಗೆ ಹೊಡೆದರು, ಮೊದಲ ಪೆಟ್ಟಿಗೆ ಮೊಳೆ ಸೊಟ್ಟಗಾಯಿತು, ಆದರೂ ಬಿಡಲಿಲ್ಲ, ಬ್ಯಾಂಕಿನೋರು ಮತ್ತೆ ಬಂದ್ರೆ ಮೊಳೆ ನೋಡ್ಲಿ ಅಂದು ಹೊರಟುಹೋದರು. ಅಮ್ಮಾ ಎಂದು ಕರೆಯಬಹುದಿತ್ತು, ಬಸ್ಸಿಗೆ ಹೊತ್ತಾಗಿತ್ತು, ಫೋಟೋವನ್ನಾದರೂ ಎತ್ತಿ ಹಾಕಬಹುದಿತ್ತು, ಕೈ ಹೋಗಲಿಲ್ಲ, ಮುಂದಿನ ಮನೆಯ ಬಾಗಿಲು ಮುಚ್ಚಿತ್ತು, ಅದರ ಜಗಲಿಯ ಬದಿಯಿಂದಲೇ ತಲೆ ತಗ್ಗಿಸಿ ಬಂದಳು. ಸಾಗರ, ಸಾಗರ, ಇಳೀರಿ. ಗಂಡ ಹೆಗಲ ಮೇಲಿನ ಬ್ಯಾಗನ್ನೂ ಇಳಿಸದೆ ಮುಂದೆ ಮುಂದೆ ಓಡುತ್ತಾನೆ, ಬ್ಯಾಂಕಿನಲ್ಲಿ ಫ್ಯಾನು, ಮೇಜು, ಪೆನ್ನು, ದಿನೇಶ ಸಹಿ ಹಾಕಿದ್ದಾಯಿತು, ಬೇಗ ಮಾರಾಯ್ತಿ, ಬಸ್ಸು ಹೊರಡ್ತದೆ, ಮೇಡಂ ಇಲ್ಲಿ, ಈ ಗೆರೆಯ ಮೇಲೆ, ಗೆರೆ ಕಾಣುತ್ತದೆ, ಗೆರೆಯ ಮೇಲೆ ಬೆಳಗಿನ ಮೊಳೆ, ಸೊಟ್ಟ ಮೊಳೆ, ಅದರಲ್ಲಿ ಏನೂ ನೇತಾಡುತ್ತಿಲ್ಲ, ಹಾಕಿ ಮೇಡಂ, ಅದರ ಸುತ್ತ ಗೋಡೆ ಬಿರಿದಿದೆ, ಕೆಳಗೆ ಅಪ್ಪ, ಅಪ್ಪನ ಮುಖದ ಗಾಜಿನ ಮೇಲೆ ಉದುರಿದ ಸುಣ್ಣ, ಒರೆಸದೆ ಬಂದ ಸುಣ್ಣ.